ಫಾರ್ಮ್ಯಾಟ್ ಅರ್ಧಕ್ಕೆ ನಿಂತಾಗ ಡಿಸ್ಕನ್ನು ಪರೀಕ್ಷಿಸುವ ಕ್ರಮ

ಪಾರ್ಟಿಶನ್ ಒಂದನ್ನು ಫಾರ್ಮ್ಯಾಟ್ ಮಾಡಲು ಹೊರಟಾಗ ಬರುವ ದೋಷಸೂಚನೆಗಳಲ್ಲಿ ಹೆಚ್ಚಾಗಿ ಕಾಣುವುದು ‘ವಿಂಡೋಸ್ ವಾಸ್ ಅನೇಬಲ್ ಟು ಕಂಪ್ಲೀಟ್ ದಿ ಫಾರ್ಮ್ಯಾಟ್’ ಎಂಬ ಒಂದೇ ಸಾಲು. ಕೆಲಸ ಮುಗಿಯಲಿಲ್ಲ ಎಂಬುದಷ್ಟೇ ಅದರಿಂದ ತಿಳಿಯುತ್ತದೆ; ಏಕೆ ಮುಗಿಯಲಿಲ್ಲ ಎಂಬುದು ತಿಳಿಯುವುದಿಲ್ಲ. ಕೇಬಲ್ ಸಡಿಲವಾಗಿದ್ದರೂ ಇದೇ ಸಾಲು, ಡಿಸ್ಕಿನ ಮೇಲ್ಮೈ ಕೆಟ್ಟಿದ್ದರೂ ಇದೇ ಸಾಲು, ಆ ಪಾರ್ಟಿಶನ್ನಿನ ಕಡತವೊಂದನ್ನು ಇನ್ನಾವುದೋ ಪ್ರೋಗ್ರಾಂ ಹಿಡಿದುಕೊಂಡಿದ್ದರೂ ಇದಕ್ಕೆ ಹತ್ತಿರದ ಮಾತೇ ಬರುತ್ತದೆ. ಧಾರವಾಡದಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ ನಡೆಸುವ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಈ ಸಾಲನ್ನು ಕಂಡ ಮೇಲೆ ಮೂರು ನಾಲ್ಕು ಸಲ ಮತ್ತೆ ಮತ್ತೆ ‘ಫಾರ್ಮ್ಯಾಟ್ ಹೊಡೆದು’ ನೋಡಿಯೇ ಬಂದಿರುತ್ತಾರೆ. ಉಳಿಸಿಕೊಳ್ಳಬಹುದಾಗಿದ್ದ ಕಡತಗಳು ಎಷ್ಟೋ ಸಲ ಆ ಪ್ರಯತ್ನಗಳಲ್ಲಿಯೇ ಹೋಗಿರುತ್ತವೆ. ಎರಡನೆಯ ಸಲ ಫಾರ್ಮ್ಯಾಟ್ ಒತ್ತುವ ಮೊದಲು ದೋಷ ಯಾವ ಮಟ್ಟದಲ್ಲಿದೆ ಎಂದು ಹುಡುಕುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಫಾರ್ಮ್ಯಾಟ್ ಮಾಡುವಾಗ ಒಳಗೆ ನಡೆಯುವುದೇನು ಎಂಬುದನ್ನು ನಮ್ಮ ಹೊಲಗಳ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಡಿಸ್ಕನ್ನು ದೊಡ್ಡದೊಂದು ಎರೆಭೂಮಿ ಎಂದುಕೊಳ್ಳಿ. ಅದನ್ನು ಅಳೆಯುವ ಅತಿ ಚಿಕ್ಕ ತುಂಡಿಗೆ ಸೆಕ್ಟರ್ ಎಂದು ಹೆಸರು. ಒಂದು ಸೆಕ್ಟರಿನಲ್ಲಿ 512 ಬೈಟ್ ಎಂಬ ಲೆಕ್ಕದಲ್ಲಿ, ಪೇಟೆಯಲ್ಲಿ ಸಿಗುವ 1 ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಸಾಮಾನ್ಯವಾಗಿ 195 ಕೋಟಿ 35 ಲಕ್ಷ 25 ಸಾವಿರದ 168 ಸೆಕ್ಟರ್‌ಗಳಿರುತ್ತವೆ. ಈ ಭೂಮಿಗೆ ಬದು ಹಾಕಿ ಮಾಡಿದ ಸರ್ವೆ ನಂಬರುಗಳೇ ಪಾರ್ಟಿಶನ್‌ಗಳು. ಯಾವ ಬದು ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಟ್ಟ ಮೋಜಣಿ ನಕ್ಷೆ ಪಾರ್ಟಿಶನ್ ಟೇಬಲ್. ಇನ್ನು ಒಂದು ಸರ್ವೆ ನಂಬರಿನೊಳಗೆ ಯಾವ ತುಂಡು ಯಾರ ಹೆಸರಿನಲ್ಲಿದೆ, ಯಾವುದು ಖಾಲಿ ಇದೆ ಎಂದು ತಿಳಿಸುವ ಉತಾರಗಳ ದಫ್ತರವೊಂದು ಬೇಕಷ್ಟೆ, ಅದೇ ಫೈಲ್ ಸಿಸ್ಟಮ್. ಎನ್‌ಟಿಎಫ್‌ಎಸ್, ಫ್ಯಾಟ್32, ಎಕ್ಸ್‌ಫ್ಯಾಟ್, ವಿಂಡೋಸಿನಂತೆ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸಿನ ಎಕ್ಸ್‌ಟ್4 ಇವೆಲ್ಲ ಆ ದಫ್ತರವನ್ನು ಬರೆದಿಡುವ ಬೇರೆ ಬೇರೆ ಪದ್ಧತಿಗಳು.

ಕ್ವಿಕ್ ಫಾರ್ಮ್ಯಾಟ್ ಮಾಡಿದಾಗ ಹಳೆಯ ದಫ್ತರದ ಜಾಗದಲ್ಲಿ ಹೊಸ ಖಾಲಿ ದಫ್ತರ ಬರುತ್ತದೆಯೇ ಹೊರತು ಹೊಲವನ್ನು ಯಾರೂ ಮುಟ್ಟುವುದಿಲ್ಲ. ಹಳೆಯ ಬೆಳೆ ಹಾಗೆಯೇ ನಿಂತಿರುತ್ತದೆ. ಕೆಲವೇ ಕ್ಷಣಗಳಲ್ಲಿ ಅದು ಮುಗಿಯುವುದು ಈ ಕಾರಣದಿಂದ. ಪೂರ್ಣ ಫಾರ್ಮ್ಯಾಟಿನ ವಿಷಯ ಬೇರೆ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಅದು ಇಡೀ ಪಾರ್ಟಿಶನ್ನನ್ನು ಓದಿ ಕೆಟ್ಟ ತುಂಡುಗಳನ್ನು ಗುರುತಿಸುತ್ತಿತ್ತು, ಅಷ್ಟೇ. 2007ರಲ್ಲಿ ವಿಸ್ಟಾ ಬಂದ ಮೇಲೆ ಆ ಕ್ರಮ ಬದಲಾಗಿ, ಪೂರ್ಣ ಫಾರ್ಮ್ಯಾಟ್ ಪಾರ್ಟಿಶನ್ನಿನ ಪ್ರತಿಯೊಂದು ಸೆಕ್ಟರಿನಲ್ಲಿ ಸೊನ್ನೆಯನ್ನು ಬರೆಯತೊಡಗಿತು. ಅಂದರೆ ಇಡೀ ಹೊಲವನ್ನು ರಂಟೆ ಹೊಡೆದು ಬೆಳೆಯ ಬೇರು ಸಹಿತ ಕಿತ್ತುಹಾಕಿದಂತೆ. ಇದನ್ನು ತಿಳಿಯದೆ ಆಗುವ ನಷ್ಟ ಎಷ್ಟೆಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಮುದ್ರಣ ಕಾಶಿಯೆಂದು ಹೆಸರಾದ ಗದಗದಿಂದ ಒಂದು ಪ್ರೆಸ್ಸಿನ ಯಜಮಾನರು ಲಗ್ನಸರಾಯಿಯ ದಿನಗಳಲ್ಲಿ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದರು. ಲಗ್ನಪತ್ರಿಕೆಗಳು, ಬಿಲ್ ಬುಕ್ಕುಗಳು, ಜಾತ್ರೆಯ ಕರಪತ್ರಗಳು ಹೀಗೆ ಹಲವು ವರ್ಷಗಳ ವಿನ್ಯಾಸಗಳೆಲ್ಲ ಅದರಲ್ಲಿದ್ದವು. ಡಿಸ್ಕು ಮೇಜಿನಿಂದ ಬಿದ್ದ ಮರುದಿನ ಕಂಪ್ಯೂಟರಿಗೆ ಜೋಡಿಸಿದಾಗ, ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು ಎಂಬ ಪ್ರಶ್ನೆ ಪರದೆಯ ಮೇಲೆ ಬಂದಿತ್ತು. ಅವರು ಹೌದು ಎಂದು ಒತ್ತಿದ್ದರು, ಅದು ವಿಫಲವಾಗಿತ್ತು. ‘ಆಮ್ಯಾಲೆ ಕ್ವಿಕ್ ಫಾರ್ಮ್ಯಾಟಿನ ಟಿಕ್ ತಗದು ಪೂರ್ತಿ ಹೊಡದೇನ್ರೀ ಸರ, ಚೊಲೊತ್ನಾಗಿ ಕ್ಲೀನ್ ಆಗ್ಲಿ ಅಂತ’ ಎಂದು ಅವರು ಹೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಶೇಕಡಾ 23ಕ್ಕೆ ಅದು ನಿಂತಿತ್ತು. ಮೊದಲ 230 ಜಿಬಿಯಷ್ಟು ಜಾಗದಲ್ಲಿ ಸೊನ್ನೆಗಳ ಹೊರತು ಬೇರೇನೂ ಉಳಿದಿರಲಿಲ್ಲ. ಉಳಿದ ಭಾಗವನ್ನು ನಾಲ್ಕು ದಿನ ಕುಳಿತು ಇನ್ನೊಂದು ಡಿಸ್ಕಿಗೆ ಎಳೆದುಕೊಂಡು, ಹೆಸರಿಲ್ಲದ ಸಾವಿರಾರು ಕಡತಗಳಾಗಿ ಅವರ ಕೈಗೆ ಕೊಟ್ಟೆ.

ಪ್ರಶ್ನೆ ಕೇಳುವ ಆ ಚೌಕಟ್ಟಿನ ವಿಷಯದಲ್ಲಿ ಜನರಿಗೆ ಇರುವ ನಂಬಿಕೆ ತಪ್ಪು. ದಫ್ತರದ ಪುಟಗಳನ್ನು ಓದಲಾಗಲಿಲ್ಲ ಎಂಬುದಷ್ಟೇ ವಿಂಡೋಸಿಗೆ ಗೊತ್ತಾಗಿದೆ. ಅಂಥ ಪಾರ್ಟಿಶನ್ನನ್ನು ಅದು ‘ರಾ’ ಎಂದು ಕರೆದು, ತನಗೆ ತಿಳಿದ ಒಂದೇ ದಾರಿಯನ್ನು ಸೂಚಿಸುತ್ತದೆ. ಒಳಗೆ ನಿಮಗೆ ಬೇಕಾದದ್ದು ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಬೇಕಾದದ್ದು ಇದ್ದರೆ ಕ್ಯಾನ್ಸಲ್ ಒತ್ತಿ, ಮೊದಲು ಪ್ರತಿ ಮಾಡಿಕೊಳ್ಳಬೇಕು. ಲಿನಕ್ಸಿನಲ್ಲಿ ಸಿಗುವ ಡಿಡಿ-ರೆಸ್ಕ್ಯೂ ಎಂಬ ಉಚಿತ ಸಾಧನ ಈ ಕೆಲಸಕ್ಕೆ ಬಹಳ ಒಳ್ಳೆಯದು, ಏಕೆಂದರೆ ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ಅದು ಮೊದಲು ತೆಗೆದುಕೊಂಡು, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದಿತ್ತು ಎಂಬ ಲೆಕ್ಕವನ್ನು ಕಡತವೊಂದರಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಯಬಹುದು. ಕಡತಗಳನ್ನು ಹುಡುಕುವ ಟೆಸ್ಟ್‌ಡಿಸ್ಕ್, ಫೋಟೊರೆಕ್‌ಗಳಂಥ ಸಾಧನಗಳನ್ನು ಮೂಲ ಡಿಸ್ಕಿನ ಮೇಲೆ ನಡೆಸದೆ ಹೀಗೆ ಮಾಡಿಕೊಂಡ ಪ್ರತಿಯ ಮೇಲೆ ನಡೆಸಬೇಕು. ಫೈಲ್ ಸಿಸ್ಟಮ್ಮಿನ ತಪ್ಪುಗಳನ್ನು ಹುಡುಕಿ ತಿದ್ದುವ ವಿಂಡೋಸಿನ ಚೆಕ್‌ಡಿಸ್ಕ್ ಕೂಡ ಆಮೇಲಿನ ಮಾತು. ಸಾಯುತ್ತಿರುವ ಡಿಸ್ಕಿನ ಮೇಲೆ ಅದನ್ನು ನಡೆಸಿದರೆ ಉಳಿದ ಆಯುಷ್ಯವೆಲ್ಲ ಅದರ ತಪಾಸಣೆಯಲ್ಲಿಯೇ ಕಳೆದುಹೋಗಬಹುದು. ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಒಂದೇ ಲಯದಲ್ಲಿ ಬರುತ್ತಿದ್ದರೆ ಕರೆಂಟ್ ತೆಗೆದು ಅಲ್ಲಿಗೇ ನಿಲ್ಲಿಸಬೇಕು, ಅದು ಡೇಟಾ ರಿಕವರಿಯ ಪ್ರಯೋಗಾಲಯಕ್ಕೆ ಹೋಗಬೇಕಾದ ವಸ್ತು. ಫ್ರಿಡ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತು ಈಗಲೂ ಓಡಾಡುತ್ತಿದೆ. ತಂಪಾದ ಡಿಸ್ಕನ್ನು ಹೊರಗೆ ತೆಗೆದೊಡನೆ ಅದರ ಮೇಲೆ ನೀರಿನ ಪಸೆ ಕೂರುತ್ತದೆ, ಆದ್ದರಿಂದ ದಯವಿಟ್ಟು ಆ ಕೆಲಸಕ್ಕೆ ಹೋಗಬೇಡಿ.

ಉಳಿಸಿಕೊಳ್ಳುವುದು ಏನೂ ಇಲ್ಲ, ಅಥವಾ ಉಳಿಸಿಕೊಂಡಾಯಿತು ಎನ್ನೋಣ. ಈಗ ದೋಷವನ್ನು ಹುಡುಕುವ ಕೆಲಸ. ಇದನ್ನು ಕೆಳಗಿನಿಂದ ಮೇಲಕ್ಕೆ ಮಾಡಬೇಕು: ಮೊದಲು ಕರೆಂಟು ಮತ್ತು ಕೇಬಲ್, ಆಮೇಲೆ ಡಿಸ್ಕಿನ ಮೇಲ್ಮೈ, ಆಮೇಲೆ ಬದುಗಳ ನಕ್ಷೆ, ಕೊನೆಗೆ ಆಪರೇಟಿಂಗ್ ಸಿಸ್ಟಮ್ ಹಾಕಿರುವ ತಡೆ. ನೆಲವೇ ಕುಸಿಯುತ್ತಿರುವಾಗ ನಕ್ಷೆ ತಿದ್ದಿ ಪ್ರಯೋಜನವಿಲ್ಲ.

ವಿಂಡೋಸಿನ ಇವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ವಿಭಾಗವನ್ನು ತೆರೆದರೆ ಫಾರ್ಮ್ಯಾಟ್ ವಿಫಲವಾದ ಅದೇ ನಿಮಿಷದಲ್ಲಿ ಏನು ದಾಖಲಾಗಿದೆ ಎಂಬುದು ಕಾಣುತ್ತದೆ. ಪರದೆಯ ಮೇಲೆ ಬಂದ ಒಂದು ಸಾಲಿಗಿಂತ ಇದು ಎಷ್ಟೋ ಸ್ಪಷ್ಟ. ‘ಡಿಸ್ಕ್’ ಎಂಬ ಮೂಲದಿಂದ 7 ಎಂಬ ಸಂಖ್ಯೆ ಬಂದಿದ್ದರೆ ಕೆಟ್ಟ ಬ್ಲಾಕ್ ಸಿಕ್ಕಿದೆ ಎಂದರ್ಥ, 11 ಬಂದಿದ್ದರೆ ಡಿಸ್ಕಿನ ಓದು-ಬರಹವನ್ನು ನಡೆಸುವ ಕಂಟ್ರೋಲರಿನ ದೋಷ, 153 ಬಂದಿದ್ದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಪ್ರಯತ್ನಿಸಬೇಕಾಯಿತು ಎಂದರ್ಥ. ‘ಎನ್‌ಟಿಎಫ್‌ಎಸ್’ ಮೂಲದ 55 ಬಂದಿದ್ದರೆ ದಫ್ತರ ಕೆಟ್ಟಿದೆ. ಲಿನಕ್ಸ್ ಬಳಸುವವರು ಡಿಮೆಸೇಜ್ ಆದೇಶದಲ್ಲಿ ಇದನ್ನೇ ನೋಡಬಹುದು. ಕಂಪ್ಯೂಟರಿನೊಳಗೆ ಸಾಟಾ ಎಂಬ ಕೇಬಲ್ಲಿನಿಂದ ಜೋಡಿಸುವ ಡಿಸ್ಕುಗಳ ದೋಷಸಾಲಿನಲ್ಲಿ ಯುಎನ್‌ಸಿ ಎಂಬ ಅಕ್ಷರಗಳಿದ್ದರೆ ಮೇಲ್ಮೈಯ ದೋಷ, ಐಸಿಆರ್‌ಸಿ ಎಂದಿದ್ದರೆ ದಾರಿಯ ನಡುವಿನ ಅಂದರೆ ಕೇಬಲ್ಲಿನ ದೋಷ ಎಂದು ತಿಳಿಯಬೇಕು.

ಕೇಬಲ್ ಎಂದಾಗ ನನಗೆ ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿ ನೆನಪಾಗುತ್ತದೆ. ಅಲ್ಲಿನ ಕಂಪ್ಯೂಟರಿನಲ್ಲಿ ಲೆಕ್ಕಪತ್ರದ ಬ್ಯಾಕಪ್ಪಿಗೆಂದು ಎರಡನೆಯದಾಗಿ ಹಾಕಿದ್ದ 500 ಜಿಬಿ ಹಾರ್ಡ್‌ಡಿಸ್ಕು ಫಾರ್ಮ್ಯಾಟ್ ಆಗದೆ ಕಾಡುತ್ತಿತ್ತು. ಹೊಸದನ್ನು ಕೊಳ್ಳಲು ಸಾವಕಾರರು ಸಿದ್ಧರಿದ್ದರು. ಎಲ್ಲಿಗೆ ನಿಲ್ಲುತ್ತದೆ ಎಂದು ಕೇಳಿದೆ. ಮೊದಲ ಸಲ ಶೇಕಡಾ 12ಕ್ಕೆ, ಎರಡನೆಯ ಸಲ 61ಕ್ಕೆ, ಮೂರನೆಯ ಸಲ 34ಕ್ಕೆ ನಿಂತಿತೆಂದು ಗುಮಾಸ್ತರು ಚೀಟಿಯಲ್ಲಿ ಬರೆದಿಟ್ಟಿದ್ದರು. ಆ ಚೀಟಿಯಲ್ಲಿಯೇ ಅರ್ಧ ಉತ್ತರವಿತ್ತು. ಮೇಲ್ಮೈ ಕೆಟ್ಟಿದ್ದರೆ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಲ್ಲುತ್ತದೆ, ಏಕೆಂದರೆ ಕೆಟ್ಟ ತುಂಡು ಇದ್ದಲ್ಲಿಯೇ ಇರುತ್ತದೆ. ಬೇರೆ ಬೇರೆ ಜಾಗಗಳಲ್ಲಿ ನಿಲ್ಲುತ್ತಿದ್ದರೆ ಕೇಬಲ್, ಕರೆಂಟು, ಬಿಸಿ ಇವುಗಳ ಮೇಲೆ ಮೊದಲು ಸಂಶಯ ಪಡಬೇಕು. ಕ್ಯಾಬಿನೆಟ್ ತೆರೆದರೆ ಒಳಗೆಲ್ಲ ಕೆಂಪು ಧೂಳು ಕೂತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಬೇಕಾಯಿತು. ಸಾಟಾ ಕೇಬಲ್ಲಿನ ತುದಿಯಲ್ಲಿರುವ ಲೋಹದ ಕ್ಲಿಪ್ ಮುರಿದು, ಕೈ ತಾಗಿದರೆ ಅಲ್ಲಾಡುವಷ್ಟು ಸಡಿಲವಾಗಿತ್ತು.

ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಮಿನಲ್ಲಿ, ಲಿನಕ್ಸಿನಲ್ಲಾದರೆ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಇದನ್ನು ಓದಬಹುದು. ಹಾರ್ಡ್‌ಡಿಸ್ಕಿನ ವಿಷಯದಲ್ಲಿ ನಾಲ್ಕು ಸಾಲುಗಳನ್ನು ನೋಡಿದರೆ ಬಹುಮಟ್ಟಿಗೆ ಸಾಕು. 5ನೆಯದು ಕೆಟ್ಟುಹೋಗಿ ಬದಲಾಯಿಸಲಾದ ಸೆಕ್ಟರುಗಳ ಎಣಿಕೆ, 197 ತೀರ್ಮಾನವಾಗದೆ ಉಳಿದ ಸೆಕ್ಟರುಗಳದ್ದು, 198 ಸರಿಪಡಿಸಲಾಗದವುಗಳದ್ದು, 199 ಕೇಬಲ್ಲಿನ ದಾರಿಯಲ್ಲಿ ಕೆಟ್ಟ ಸಂದೇಶಗಳದ್ದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಮೊದಲಿಗೆ ಕಚ್ಚಾ ಅಂಕಿಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ ಎಂಬುದನ್ನು ನೆನಪಿಡಬೇಕು: ಅಲ್ಲಿ 10 ಎಂದಿದ್ದರೆ ನಮ್ಮ ಲೆಕ್ಕದಲ್ಲಿ 16. ಬ್ಯಾಡಗಿಯ ಆ ಡಿಸ್ಕಿನಲ್ಲಿ 5, 197, 198 ಮೂರೂ ಸೊನ್ನೆ ಇದ್ದವು. 199 ಮಾತ್ರ 1846ಕ್ಕೆ ಹೋಗಿತ್ತು. ಕೇಬಲ್ ಬದಲಾಯಿಸಿ, ಕನೆಕ್ಟರುಗಳನ್ನು ಒರೆಸಿ ಜೋಡಿಸಿದ ಮೇಲೆ ಪೂರ್ಣ ಫಾರ್ಮ್ಯಾಟ್ ಒಂದೂವರೆ ತಾಸಿನೊಳಗೆ ತಡೆಯಿಲ್ಲದೆ ಮುಗಿಯಿತು.

ಯುಎಸ್‌ಬಿ ಮೂಲಕ ಜೋಡಿಸುವ ಡಿಸ್ಕುಗಳಲ್ಲಿ ಕರೆಂಟಿನ ಕೊರತೆಯೇ ದೊಡ್ಡ ಕಾರಣ. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದದ್ದು 500 ಮಿಲಿಆ್ಯಂಪಿಯರ್, 3.0 ಪೋರ್ಟಾದರೆ 900. ತಟ್ಟೆ ತಿರುಗತೊಡಗುವ ಹೊತ್ತಿಗೆ ಎರಡೂವರೆ ಇಂಚಿನ ಹಾರ್ಡ್‌ಡಿಸ್ಕು ಅದಕ್ಕಿಂತ ಹೆಚ್ಚು ಬೇಡಬಹುದು. ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟು, ಉದ್ದನೆಯ ಅಗ್ಗದ ಕೇಬಲ್, ಕರೆಂಟ್ ಜೋಡಣೆಯಿಲ್ಲದ ಹಬ್ ಇವನ್ನೆಲ್ಲ ಬಿಟ್ಟು, ಮದರ್‌ಬೋರ್ಡಿನ ಹಿಂಭಾಗದ ಪೋರ್ಟಿಗೆ ಗಿಡ್ಡ ಕೇಬಲ್ಲಿನಿಂದ ಜೋಡಿಸಿ ಇನ್ನೊಮ್ಮೆ ನೋಡಬೇಕು. ಪೂರ್ಣ ಫಾರ್ಮ್ಯಾಟಿಗೆ ಹಿಡಿಯುವ ಸಮಯವನ್ನೂ ಮೊದಲೇ ಲೆಕ್ಕ ಹಾಕಿಕೊಂಡಿರಬೇಕು. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 1 ಟಿಬಿ ಬರೆಯಲು 10,000 ಸೆಕೆಂಡು, ಅಂದರೆ ಮೂರು ತಾಸಿಗೆ ಸ್ವಲ್ಪ ಕಡಿಮೆ ಬೇಕು. ಅದೇ ಡಿಸ್ಕನ್ನು ಹಳೆಯ ಯುಎಸ್‌ಬಿ 2.0 ಪೋರ್ಟಿಗೆ ಹಾಕಿದರೆ ಎಂಟು ತಾಸು ದಾಟುತ್ತದೆ. ಹಸಿರು ಪಟ್ಟಿ ಮುಂದೆ ಹೋಗುತ್ತಿಲ್ಲವೆಂದು ನಡುವೆ ಕಿತ್ತುಹಾಕುವವರು ಬಹಳ ಮಂದಿ. ಮುಂಗಾರಿಗೆ ಮೊದಲಿನ ಗುಡುಗು ಮಳೆಯ ಸಂಜೆಗಳಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಇದ್ದದ್ದೇ; ಯುಪಿಎಸ್ ಇಲ್ಲದೆ ಆ ಹೊತ್ತಿನಲ್ಲಿ ಈ ಕೆಲಸವನ್ನು ಹಚ್ಚಬಾರದು. ನಡುವೆ ಕರೆಂಟ್ ಹೋದದ್ದರಿಂದಲೇ ಪಾರ್ಟಿಶನ್ ‘ರಾ’ ಎಂದು ತೋರುತ್ತಿದ್ದರೆ ಹೆದರಬೇಕಾಗಿಲ್ಲ, ಸಾಮಾನ್ಯವಾಗಿ ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿದರೆ ಅದು ಸರಿಯಾಗುತ್ತದೆ.

ಕೇಬಲ್ಲೂ ಕರೆಂಟೂ ಸರಿಯಿದ್ದು, ಪ್ರತಿ ಸಲ ಅದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಡಿಸ್ಕಿನಲ್ಲಿ ‘ಬ್ಯಾಡ್ ಸೆಕ್ಟರ್ ಬಿದ್ದಿದೆ’ ಎಂದೇ ತಿಳಿಯಬೇಕು. ಇದು ಏನೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ತಪ್ಪು ತಿಳಿವಳಿಕೆಗಳು ಹೆಚ್ಚಾಗಿರುವುದು ಇಲ್ಲಿಯೇ. ಪ್ರತಿ ಸೆಕ್ಟರಿನಲ್ಲಿ ನಮ್ಮ ಮಾಹಿತಿಯ ಜೊತೆಗೆ ಅದನ್ನು ತಾಳೆ ನೋಡಿ ಸಣ್ಣ ತಪ್ಪುಗಳನ್ನು ತಿದ್ದಿಕೊಳ್ಳುವ ಕೆಲವು ಹೆಚ್ಚುವರಿ ಬಿಟ್‌ಗಳೂ ಇರುತ್ತವೆ. ತಿದ್ದಲಾಗದಷ್ಟು ತಪ್ಪು ಬಂದಾಗ ಡಿಸ್ಕು ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಹಸಿರು ಪಟ್ಟಿ ಅಲುಗಾಡದೆ ನಿಲ್ಲುವುದು, ಇಡೀ ಕಂಪ್ಯೂಟರೇ ಬಿಗಿದುಕೊಂಡಂತಾಗುವುದು ಆಗ. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡು ಕಾದು, ಉತ್ತರ ಬರದಿದ್ದರೆ ಆ ಕೋರಿಕೆಯನ್ನು ಕೈಬಿಟ್ಟು ಡಿಸ್ಕಿನ ಸಂಪರ್ಕವನ್ನು ಹೊಸದಾಗಿ ಆರಂಭಿಸಲು ಪ್ರಯತ್ನಿಸುತ್ತದೆ. ಓದಲಾಗದೆ ಹೋದ ಆ ಸೆಕ್ಟರನ್ನು ಡಿಸ್ಕು ಒಡನೆಯೇ ಬದಲಾಯಿಸುವುದಿಲ್ಲ, ಬದಲಾಯಿಸಿದರೆ ಅದರಲ್ಲಿದ್ದ ಮಾಹಿತಿಯ ಆಸೆಯನ್ನು ಬಿಟ್ಟಂತಾಗುತ್ತದೆ. ಆದ್ದರಿಂದ ಅದನ್ನು 197ರ ಪಟ್ಟಿಯಲ್ಲಿ ಬರೆದಿಟ್ಟು ಕಾಯುತ್ತದೆ.

ಆ ಸೆಕ್ಟರಿನ ಮೇಲೆ ಹೊಸದಾಗಿ ಏನನ್ನಾದರೂ ಬರೆಯಲು ಹೋದಾಗಲೇ ತೀರ್ಮಾನವಾಗುವುದು. ಬರೆದದ್ದು ಸರಿಯಾಗಿ ನಿಂತರೆ 197ರ ಎಣಿಕೆ ಇಳಿಯುತ್ತದೆ. ಬರೆಯುವ ಹೊತ್ತಿಗೆ ಕರೆಂಟ್ ಹೋಗಿ ಅರ್ಧಂಬರ್ಧ ಬರೆದುಹೋದ ಸೆಕ್ಟರುಗಳು ಹೀಗೆ ಗುಣವಾಗುವುದುಂಟು, ಅಲ್ಲಿ ನೆಲ ಕೆಟ್ಟಿರುವುದಿಲ್ಲ. ಬರೆದದ್ದು ನಿಲ್ಲದಿದ್ದರೆ ಡಿಸ್ಕು ತಾನು ಬದಿಗಿಟ್ಟುಕೊಂಡಿರುವ ಮೀಸಲು ಸೆಕ್ಟರುಗಳಲ್ಲಿ ಒಂದನ್ನು ಆ ಜಾಗಕ್ಕೆ ಕೊಟ್ಟು, 5ರ ಎಣಿಕೆಯನ್ನು ಒಂದು ಹೆಚ್ಚಿಸುತ್ತದೆ. ಕೆಟ್ಟಿದೆಯೆಂದು ತಂದ ಡಿಸ್ಕು ಒಂದು ಪೂರ್ಣ ಫಾರ್ಮ್ಯಾಟಿನ ಬಳಿಕ ಸರಿಹೋದಂತೆ ಕಾಣುವುದರ ಗುಟ್ಟು ಇಷ್ಟೇ. ಪೇಟೆಯಲ್ಲಿ ಇದನ್ನೇ ‘ಲೋ ಲೆವೆಲ್ ಫಾರ್ಮ್ಯಾಟ್’ ಎಂದು ಕರೆದು ಅದರಿಂದ ಡಿಸ್ಕು ಹೊಸದಾಗುತ್ತದೆ ಎಂಬಂತೆ ಹೇಳುತ್ತಾರೆ. ಸೆಕ್ಟರುಗಳನ್ನೇ ಹೊಸದಾಗಿ ಕೊರೆಯುವ ನಿಜವಾದ ಆ ಕೆಲಸ ಇಂದಿನ ಡಿಸ್ಕುಗಳಲ್ಲಿ ಕಾರ್ಖಾನೆಯಲ್ಲಿ ಮಾತ್ರ ನಡೆಯುತ್ತದೆ. ಅಂಗಡಿಯ ಪ್ರೋಗ್ರಾಮುಗಳು ಬರೆಯುವುದು ಬರಿಯ ಸೊನ್ನೆಗಳನ್ನು.

ಕೆಟ್ಟ ಸೆಕ್ಟರುಗಳಿದ್ದರೂ ಕೆಲವು ಸಲ ಫಾರ್ಮ್ಯಾಟ್ ಮುಗಿಯುತ್ತದೆ, ಕೆಲವು ಸಲ ಮುಗಿಯುವುದಿಲ್ಲ. ಇದಕ್ಕೆ ಅವು ಬಿದ್ದಿರುವ ಜಾಗ ಕಾರಣ. ಎನ್‌ಟಿಎಫ್‌ಎಸ್ ತನ್ನೊಳಗೆ ಕೆಟ್ಟ ತುಂಡುಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳುವುದರಿಂದ, ಹೊಲದ ನಡುವೆ ಎಲ್ಲೋ ನಾಲ್ಕು ತುಂಡು ಕೆಟ್ಟಿದ್ದರೆ ಅವನ್ನು ಅದರಲ್ಲಿ ಸೇರಿಸಿ ಮುಂದೆ ಹೋಗುತ್ತದೆ. ದಫ್ತರವನ್ನೇ ಇಡಬೇಕಾದ ಜಾಗ ಕೆಟ್ಟಿದ್ದರೆ ಮಾತ್ರ ಅದಕ್ಕೆ ದಾರಿಯಿಲ್ಲ. ಫ್ಯಾಟ್ ಪದ್ಧತಿಯಲ್ಲಿ ಪಾರ್ಟಿಶನ್ನಿನ ಮೊಟ್ಟಮೊದಲ ಭಾಗ ಕೆಟ್ಟಾಗ ‘ಟ್ರ್ಯಾಕ್ ಜೀರೊ ಬ್ಯಾಡ್, ಡಿಸ್ಕ್ ಅನ್‌ಯೂಸಬಲ್’ ಎಂಬ ಸೂಚನೆ ಬರುವುದೂ ಇದರಿಂದಲೇ. ಕೆಟ್ಟ ಭಾಗವನ್ನು ಬದುವಿನ ಹೊರಗೆ ಬಿಟ್ಟು ಉಳಿದದ್ದರಲ್ಲಿ ಪಾರ್ಟಿಶನ್ ಮಾಡಿಕೊಡುವ ಜಾಣತನವನ್ನು ಕೆಲವರು ತೋರಿಸುತ್ತಾರೆ. ಬಿದ್ದು ಗೀರಾದ ಡಿಸ್ಕಿನಲ್ಲಿ ಆ ಗೀರು ಬದುವಿನೊಳಗೆ ನಿಲ್ಲುವುದಿಲ್ಲ, ಎದ್ದ ಕಣಗಳು ಉಳಿದ ಮೇಲ್ಮೈಯನ್ನೂ ಕೆಡಿಸುತ್ತ ಹೋಗುತ್ತವೆ. 5ರ ಎಣಿಕೆ ಎರಡು ಮೂರಕ್ಕೆ ಬಂದು ತಿಂಗಳುಗಟ್ಟಲೆ ಅಲ್ಲಿಯೇ ನಿಂತಿದ್ದರೆ ಹಾಡು, ಸಿನಿಮಾ ಇಡಲು ಬಳಸಿಕೊಳ್ಳಬಹುದು. ವಾರದಿಂದ ವಾರಕ್ಕೆ ಏರುತ್ತಿದ್ದರೆ, ಫಾರ್ಮ್ಯಾಟ್ ಯಶಸ್ವಿಯಾಗಿದ್ದರೂ ಆ ಡಿಸ್ಕಿನಲ್ಲಿ ಲೆಕ್ಕಪತ್ರವನ್ನಾಗಲಿ ಮಕ್ಕಳ ಫೋಟೊಗಳನ್ನಾಗಲಿ ಇಡಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಮೇಲ್ಮೈ ಸರಿಯಿದ್ದರೆ ಮುಂದಿನದು ನಕ್ಷೆ. ಹಳೆಯ ಎಂಬಿಆರ್ ಪದ್ಧತಿಯ ನಕ್ಷೆಯಲ್ಲಿ ಸೆಕ್ಟರಿನ ಸಂಖ್ಯೆಯನ್ನು ಬರೆಯಲು 32 ಬಿಟ್‌ಗಳಷ್ಟೇ ಇರುವುದರಿಂದ ವಿಂಡೋಸಿನ ಲೆಕ್ಕದ 2 ಟಿಬಿಯಾಚೆಗಿನ ನೆಲ ಅದಕ್ಕೆ ಕಾಣುವುದಿಲ್ಲ. ಮುಖ್ಯ ಪಾರ್ಟಿಶನ್‌ಗಳೂ ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. 4 ಟಿಬಿಯ ಡಿಸ್ಕನ್ನು ಎಂಬಿಆರ್‌ನಲ್ಲಿ ತೆರೆದರೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 2048 ಜಿಬಿ ಒಂದೆಡೆ, ಸುಮಾರು 1678 ಜಿಬಿ ಇನ್ನೊಂದೆಡೆ ಬೇರೆಯಾಗಿ ನಿಂತು, ಎರಡನೆಯದರ ಮೇಲೆ ಏನು ಮಾಡಲು ಹೋದರೂ ಆಗುವುದಿಲ್ಲ. ಡಿಸ್ಕನ್ನು ಹೊಸ ಪದ್ಧತಿಯ ನಕ್ಷೆಯಾದ ಜಿಪಿಟಿಗೆ ಬದಲಾಯಿಸುವುದೇ ಇದಕ್ಕೆ ಪರಿಹಾರ. ವಿಂಡೋಸಿನಲ್ಲಿ ಜಿಪಿಟಿ 128 ಪಾರ್ಟಿಶನ್‌ಗಳಿಗೆ ಎಡೆ ಕೊಡುತ್ತದೆ. ಅಂದ ಹಾಗೆ 1 ಟಿಬಿ ಡಿಸ್ಕು 931 ಜಿಬಿ ಎಂದು ತೋರುವುದು ದೋಷವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಬದುಗಳೇ ಗೋಜಲಾಗಿ, ಹಿಂದೆ ಲಿನಕ್ಸಿಗೋ ಸಿಸಿಟಿವಿಯ ರೆಕಾರ್ಡರಿಗೋ ಬಳಸಿದ್ದ ಡಿಸ್ಕು ಫಾರ್ಮ್ಯಾಟಿಗೆ ಒಗ್ಗದಿದ್ದರೆ ಹದ್ದುಬಸ್ತನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಆಡಳಿತಗಾರರ ಅಧಿಕಾರದಿಂದ ಕಮಾಂಡ್ ಪ್ರಾಂಪ್ಟ್ ತೆರೆದು ಡಿಸ್ಕ್‌ಪಾರ್ಟ್ ನಡೆಸಿ, ಲಿಸ್ಟ್ ಡಿಸ್ಕ್ ಎಂಬ ಆದೇಶದಿಂದ ಡಿಸ್ಕುಗಳ ಪಟ್ಟಿ ನೋಡಿ, ಸೆಲೆಕ್ಟ್ ಡಿಸ್ಕ್ ಎಂದು ಅದರ ಸಂಖ್ಯೆ ಕೊಟ್ಟು, ಕ್ಲೀನ್ ಎಂದರೆ ಹಳೆಯ ನಕ್ಷೆ ಅಳಿಸಿಹೋಗುತ್ತದೆ. ಆಮೇಲೆ ಹೊಸ ಪಾರ್ಟಿಶನ್ ಮಾಡಿ ಫಾರ್ಮ್ಯಾಟ್ ಮಾಡಬಹುದು. ಈ ಆದೇಶ ‘ನಿಜವಾಗಿಯೂ ಅಳಿಸಲೇ’ ಎಂದು ಇನ್ನೊಮ್ಮೆ ಕೇಳುವುದಿಲ್ಲ. ಪಕ್ಕದ ಡಿಸ್ಕಿನ ಸಂಖ್ಯೆಯನ್ನು ಕೊಟ್ಟರೆ ಅದೂ ಅಷ್ಟೇ ವೇಗವಾಗಿ ಹೋಗುತ್ತದೆ. ಆದ್ದರಿಂದ ಅಂಥ ಕೆಲಸಕ್ಕೆ ಮೊದಲು ನಾನು ಬೇರೆ ಡಿಸ್ಕುಗಳ ಕೇಬಲ್ಲನ್ನು ಕಳಚಿಡುತ್ತೇನೆ, ಅದಾಗದಿದ್ದಲ್ಲಿ ಗಾತ್ರವನ್ನು ಎರಡು ಸಲ ಓದಿಕೊಳ್ಳುತ್ತೇನೆ.

ಆಪರೇಟಿಂಗ್ ಸಿಸ್ಟಮ್ಮಿನ ತಡೆಗಳು ಸರಳ. ವಿಂಡೋಸ್ ಓಡುತ್ತಿರುವ ಪಾರ್ಟಿಶನ್ನನ್ನು ಅದರೊಳಗಿನಿಂದಲೇ ಫಾರ್ಮ್ಯಾಟ್ ಮಾಡಲು ಬರುವುದಿಲ್ಲ. ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಆರಂಭಿಸಿ ಮಾಡಬೇಕು. ಬೇರೆ ಪಾರ್ಟಿಶನ್ ಬಳಕೆಯಲ್ಲಿದೆ ಎಂಬ ಸೂಚನೆ ಬಂದರೆ ಅದರಲ್ಲಿ ತೆರೆದ ಕಡತಗಳು, ಆ್ಯಂಟಿವೈರಸ್, ಮೆಮೊರಿ ಸಾಲದಾದಾಗ ವಿಂಡೋಸ್ ಬಳಸುವ ಪೇಜ್‌ಫೈಲ್ ಇವುಗಳನ್ನು ನೋಡಬೇಕು. ಲಿನಕ್ಸಿನಲ್ಲಿ ಮೊದಲು ಅನ್‌ಮೌಂಟ್ ಮಾಡಬೇಕು, ಅಂದರೆ ಆ ಪಾರ್ಟಿಶನ್ನನ್ನು ಬಳಕೆಯಿಂದ ಬಿಡಿಸಬೇಕು.

ಫ್ಯಾಟ್32ರ ವಿಷಯದಲ್ಲಿ ಹಲವರಿಗೆ ಗೊಂದಲವಾಗುತ್ತದೆ. ಟ್ರ್ಯಾಕ್ಟರಿನ ಅಥವಾ ಗುಡಿಯ ಹಳೆಯ ಮ್ಯೂಸಿಕ್ ಸಿಸ್ಟಮ್ಮಿಗೆಂದು 64 ಜಿಬಿಯ ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಲು ಹೋದರೆ ವಿಂಡೋಸಿನ ಬಹುತೇಕ ಆವೃತ್ತಿಗಳ ಫಾರ್ಮ್ಯಾಟ್ ಕಿಟಕಿಯಲ್ಲಿ ಆ ಆಯ್ಕೆಯೇ ಇರುವುದಿಲ್ಲ. ಪೆನ್‌ಡ್ರೈವಿನಲ್ಲಿ ಏನೂ ದೋಷವಿಲ್ಲ. ಫ್ಯಾಟ್32ಕ್ಕೆ ಸ್ವತಃ ಅಂಥ ಮಿತಿ ಇಲ್ಲ, ಫಾರ್ಮ್ಯಾಟ್ ಮಾಡುವ ಆ ಕಿಟಕಿಗೆ 32 ಜಿಬಿಯ ಮಿತಿ ಇಟ್ಟಿದ್ದಾರೆ. 1994ರ ಕೊನೆಯ ಭಾಗದಲ್ಲಿ ಆ ಕಿಟಕಿಯನ್ನು ತಾತ್ಕಾಲಿಕವೆಂದು ಬರೆದು ಮಿತಿಯನ್ನೂ ತಾವೇ ನಿರ್ಧರಿಸಿದ್ದಾಗಿ ಮೈಕ್ರೋಸಾಫ್ಟಿನಲ್ಲಿ ಎಂಜಿನಿಯರ್ ಆಗಿದ್ದ ಡೇವ್ ಪ್ಲಮ್ಮರ್ ಹೇಳಿಕೊಂಡಿದ್ದಾರೆ. ಬೇರೆ ಉಚಿತ ಸಾಧನಗಳಿಂದ ಫ್ಯಾಟ್32 ಮಾಡಿಕೊಳ್ಳಬಹುದು, ಆದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಕಡತ ಹಿಡಿಯುವುದಿಲ್ಲ.

ಪೆನ್‌ಡ್ರೈವು ಮತ್ತು ಮೆಮೊರಿ ಕಾರ್ಡುಗಳಲ್ಲಿ ‘ದಿ ಡಿಸ್ಕ್ ಈಸ್ ರೈಟ್ ಪ್ರೊಟೆಕ್ಟೆಡ್’ ಎಂಬ ಸೂಚನೆ ಬಂದರೆ ಮೊದಲು ಕಾರ್ಡಿನ ಬದಿಯಲ್ಲಿರುವ ಲಾಕ್ ಗುಂಡಿಯನ್ನು ನೋಡಿ. ಅದು ಸರಿಯಿದ್ದರೆ ಡಿಸ್ಕ್‌ಪಾರ್ಟಿನಲ್ಲಿ ಆ ಡಿಸ್ಕನ್ನು ಆರಿಸಿಕೊಂಡು ಆ್ಯಟ್ರಿಬ್ಯೂಟ್ಸ್ ಡಿಸ್ಕ್ ಕ್ಲಿಯರ್ ರೀಡ್‌ಓನ್ಲಿ ಎಂಬ ಆದೇಶ ಕೊಡಬೇಕು. ಇಷ್ಟಾದರೂ ತಡೆ ಹೋಗದಿದ್ದರೆ, ಅಥವಾ ಅಳಿಸಿದ ಕಡತಗಳು ಕಿತ್ತು ಮತ್ತೆ ಹಾಕಿದಾಗ ಇದ್ದ ಹಾಗೆಯೇ ಮರಳಿ ಬರುತ್ತಿದ್ದರೆ, ಒಳಗಿನ ಕಂಟ್ರೋಲರೇ ಬೀಗ ಹಾಕಿಕೊಂಡಿದೆ ಎಂದು ತಿಳಿಯಬೇಕು. ಫ್ಲ್ಯಾಶ್ ಮೆಮೊರಿಯ ತುಂಡುಗಳು ಇಂತಿಷ್ಟು ಸಲ ಬರೆದ ಮೇಲೆ ಸವೆಯುತ್ತವೆ. ಮೀಸಲು ತುಂಡುಗಳೂ ಮುಗಿದಾಗ ಇದ್ದದ್ದನ್ನು ಓದಿಕೊಳ್ಳಲಿ ಎಂದು ಅದು ಬರೆಯುವುದನ್ನು ನಿಲ್ಲಿಸುತ್ತದೆ. ಅದರಲ್ಲಿರುವುದನ್ನು ಪ್ರತಿ ಮಾಡಿಕೊಂಡು ಡ್ರೈವನ್ನು ಬಿಟ್ಟುಬಿಡುವುದೇ ಸರಿ. ತಿರುಗುವ ತಟ್ಟೆಯ ಬದಲು ಫ್ಲ್ಯಾಶ್ ಮೆಮೊರಿಯಿರುವ ಎಸ್‌ಎಸ್‌ಡಿಗಳ ವಿಷಯದಲ್ಲಿ ಒಂದು ಎಚ್ಚರ ಬೇಕು: ಫಾರ್ಮ್ಯಾಟ್ ಮಾಡುವಾಗ ಈ ಜಾಗದಲ್ಲಿರುವುದು ಇನ್ನು ಬೇಡವೆಂದು ಹೇಳುವ ಟ್ರಿಮ್ ಸಂದೇಶವನ್ನು ವಿಂಡೋಸ್ ಕಳಿಸುವುದರಿಂದ, ಕ್ವಿಕ್ ಫಾರ್ಮ್ಯಾಟಿನ ಬಳಿಕವೂ ಹಳೆಯ ಬೆಳೆ ಅಲ್ಲಿ ನಿಂತಿರುತ್ತದೆಂದು ನಂಬುವಂತಿಲ್ಲ.

ರಸ್ತೆ ಬದಿಯಲ್ಲಿ ಅರ್ಧ ಬೆಲೆಗೆ ಸಿಗುವ ಪೆನ್‌ಡ್ರೈವುಗಳ ಕಥೆ ಬೇರೆ. ಒಳಗೆ 8 ಜಿಬಿಯ ಚಿಪ್ ಇಟ್ಟು ಕಂಟ್ರೋಲರಿನಲ್ಲಿ 64 ಜಿಬಿ ಎಂದು ಸುಳ್ಳು ಬರೆದಿರುತ್ತಾರೆ. ದಫ್ತರ ಮುಂಭಾಗದಲ್ಲಿರುವುದರಿಂದ ಕ್ವಿಕ್ ಫಾರ್ಮ್ಯಾಟ್ ಸುಖವಾಗಿ ಮುಗಿಯುತ್ತದೆ. ಪೂರ್ಣ ಫಾರ್ಮ್ಯಾಟು ಅರ್ಧಕ್ಕೆ ನಿಲ್ಲಬಹುದು, ಇಲ್ಲವೇ 8 ಜಿಬಿ ದಾಟಿದ ಮೇಲೆ ಬರೆದ ಕಡತಗಳೆಲ್ಲ ತೆರೆಯದೆ ಹೋಗಬಹುದು. ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸಿನಲ್ಲಾದರೆ ಎಫ್3 ಎಂಬ ಸಾಧನಗಳು ಡ್ರೈವನ್ನು ಪೂರ್ತಿ ತುಂಬಿಸಿ, ತುಂಬಿಸಿದ್ದನ್ನು ಓದಿ ತಾಳೆ ನೋಡಿ ನಿಜವಾದ ಗಾತ್ರವನ್ನು ತಿಳಿಸುತ್ತವೆ.

ಯಾವ ಡಿಸ್ಕೇ ಆಗಲಿ, ಫಾರ್ಮ್ಯಾಟ್ ಮುಗಿದೊಡನೆ ಕೆಲಸ ಮುಗಿಯಿತೆಂದು ನಾನು ತಿಳಿಯುವುದಿಲ್ಲ. ಹೀಗೆಯೇ ಅದನ್ನು ಒಮ್ಮೆ ಪೂರ್ತಿ ತುಂಬಿಸಿ ಓದಿ ನೋಡಿ, ಸ್ಮಾರ್ಟಿನ ಆ ನಾಲ್ಕು ಅಂಕಿಗಳನ್ನು ದಿನಾಂಕದೊಡನೆ ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿಗೆ ಅಂಟಿಸುತ್ತೇನೆ. 199ರ ಎಣಿಕೆ ಎಂದೂ ಇಳಿಯುವುದಿಲ್ಲ, ಆದ್ದರಿಂದ ಅದು ಏರಿದೆಯೇ ಎಂಬುದನ್ನಷ್ಟೇ ನೋಡಬೇಕು. ಬ್ಯಾಡಗಿಯ ಅಂಗಡಿಗೆ ಒಂದು ತಿಂಗಳ ಬಳಿಕ ಹೋದಾಗ ಗುಮಾಸ್ತರು ಚೀಟಿಯನ್ನು ಕಿತ್ತು ಕೈಗೆ ಕೊಟ್ಟರು. 5, 197, 198 ಸೊನ್ನೆಯಲ್ಲಿಯೇ ಇದ್ದವು, 199 ಆಗಲೂ 1846. ಅದೇ ದಿನ ಅವರು ಆ ವರ್ಷದ ಲೆಕ್ಕದ ಬ್ಯಾಕಪ್ಪನ್ನು ಮೊದಲ ಸಲ ಆ ಡಿಸ್ಕಿಗೆ ಹಾಕಿದರು.